ಸಂಜೆ 5ರಿಂದ ಊಟದವರೆಗೆ ಪುಟ್ಟ ಮಕ್ಕಳನ್ನು ಸಂಭಾಳಿಸುವುದು ಹೇಗೆ?

ಸಂಜೆ ಅಡುಗೆಗೆ ನಿಂತರೆ ಮಗು ಸೆರಗು ಬಿಡುವುದಿಲ್ಲ, ಏನು ಮಾಡಲಿ? ಹಾಸನ, ಚಿಕ್ಕಮಗಳೂರು ಕಡೆಯ ತಾಯಂದಿರು ಬಿಡದೆ ಕೇಳುವ ಪ್ರಶ್ನೆ ಇದು. ತೋಟದ ಮನೆಯಲ್ಲಿರುವವರೂ ಕೇಳುತ್ತಾರೆ, ಪೇಟೆಯ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿರುವವರೂ ಕೇಳುತ್ತಾರೆ. ಈಚೆಗೆ ಕೆಲವು ಅಪ್ಪಂದಿರೂ ಕೇಳತೊಡಗಿದ್ದಾರೆ, ಸಂತೋಷ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲೇ ಒಂದು ಮಾತು. ಸಂಜೆಯ ರಂಪ ಆಟದ ಸಾಮಾನು ಕಡಿಮೆಯಾದದ್ದರಿಂದ ಹುಟ್ಟುವುದಿಲ್ಲ. ಹಸಿವು, ದಣಿವು, ಇವೆರಡರ ಜೊತೆಗೆ ಹಗಲೆಲ್ಲ ಕಾಣದಿದ್ದ ಅಮ್ಮ ಈಗ ಕಣ್ಣೆದುರು ಇದ್ದರೂ ಕೈಗೆ ಸಿಗುತ್ತಿಲ್ಲ ಎಂಬ ಸಿಟ್ಟು. ಈ ಮೂರನ್ನು ಬಿಟ್ಟು ಹೊಸ ಬೊಂಬೆ ತಂದರೆ ಹತ್ತು ನಿಮಿಷದ ಮಟ್ಟಿಗೆ ಕೆಲಸವಾಗುತ್ತದೆ, ಆಮೇಲೆ ಬೊಂಬೆ ಮಂಚದ ಕೆಳಗೆ, ಮಗು ಮತ್ತೆ ಕಾಲಿನ ಹತ್ತಿರ. ಆದ್ದರಿಂದ ಇಲ್ಲಿ ಹೇಳುವುದು ಆಟಗಳ ಪಟ್ಟಿಯಲ್ಲ. ಯಾವುದರ ಹಿಂದೆ ಯಾವುದು ಬರಬೇಕು ಎಂಬ ಕ್ರಮ. ಆ ಕ್ರಮ ಕೂಡಿಬಂದರೆ ಆಟ ಯಾವುದಾದರೂ ನಡೆಯುತ್ತದೆ.

ಬೇಕಾಗುವ ಸಾಮಾನು

ಅಂಗಡಿಗೆ ಹೋಗಬೇಕಾಗಿಲ್ಲ. ಒಂದು ಚಾಪೆ, ಒಂದು ಮೊರ, ಎರಡು ಅಗಲವಾದ ಪಾತ್ರೆ, ಒಡೆಯದ ಲೋಟಗಳು, ಒಂದು ಚಿಕ್ಕ ಸೌಟು, ಹಳೆಯ ಇಡ್ಲಿ ತಟ್ಟೆ, ಹಳೆಯ ಪಂಚೆ ಅಥವಾ ಸೀರೆ, ಬಳಪ ಮತ್ತು ಸ್ಲೇಟು, ಮುಚ್ಚಳವಿರುವ ಒಂದು ರಟ್ಟಿನ ಪೆಟ್ಟಿಗೆ. ಇಷ್ಟು ಸಾಕು. ಮೊಬೈಲಿನಲ್ಲಿ ‘ಸೆನ್ಸರಿ ಪ್ಲೇ’ ಎಂದು ತೋರಿಸಿ ಸಾವಿರಾರು ರೂಪಾಯಿಯ ಪೆಟ್ಟಿಗೆಗಳನ್ನು ಮಾರುತ್ತಾರೆ. ಮುಟ್ಟಿ, ಸುರಿದು, ಮೂಸಿ, ಹಿಸುಕಿ ಕಲಿಯುವ ಆಟಕ್ಕೆ ಇಟ್ಟಿರುವ ಹೆಸರು ಅದು. ಮೊರದಲ್ಲಿ ಎರಡು ಪಾವು ರಾಗಿ ಹಾಕಿ ಮಗುವಿನ ಮುಂದಿಟ್ಟರೆ ಅದೇ ಆಯಿತು.

ಹಂತ 1: ಮಧ್ಯಾಹ್ನದ ನಿದ್ದೆಗೆ ಒಂದು ಗಡಿ ಹಾಕಿ

ಸಂಜೆ ಕೆಡುವುದು ಮಧ್ಯಾಹ್ನವೇ. ಅಂಗನವಾಡಿಯಿಂದಲೋ ನರ್ಸರಿಯಿಂದಲೋ ಬಂದ ಮಗು 3 ಗಂಟೆಗೆ ಮಲಗಿ 5.30ಕ್ಕೆ ಎದ್ದರೆ ಎದ್ದ ಮೇಲೆ ಅರ್ಧ ಗಂಟೆ ಅಳು, ರಾತ್ರಿ 10.30 ಆದರೂ ಕಣ್ಣು ಮುಚ್ಚುವುದಿಲ್ಲ. ಊಟವಾದ ಕೂಡಲೇ ಮಲಗಿಸಿ, 3.30ರ ಹೊತ್ತಿಗೆ ಎಬ್ಬಿಸಿಬಿಡಿ. ಕೂಗಿ ಎಬ್ಬಿಸಬೇಡಿ. ಕಿಟಕಿಯ ಪರದೆ ಸರಿಸಿ, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿ, ತಾನಾಗಿ ಏಳುತ್ತದೆ.

ಮೂರು, ನಾಲ್ಕು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೆಲವು ಮಕ್ಕಳು ನಾಲ್ಕು ವರ್ಷಕ್ಕೆ ಮಧ್ಯಾಹ್ನದ ನಿದ್ದೆಯನ್ನೇ ಬಿಡುತ್ತಾರೆ. ಅಂಥವರಿಗೆ ರಾತ್ರಿ ಊಟ 7ಕ್ಕೇ ಆಗಬೇಕು. ದೊಡ್ಡವರ ಜೊತೆ 9ಕ್ಕೆ ಕೂರಲಿ ಎಂದರೆ ನಡುವಿನ ಎರಡು ಗಂಟೆಯನ್ನು ಯಾವ ಆಟವೂ ತುಂಬುವುದಿಲ್ಲ.

ಹಂತ 2: ಮೊದಲು ಹೊಟ್ಟೆ

4.30ರಿಂದ 5ರ ಒಳಗೆ ಏನಾದರೂ ತಿನ್ನಿಸಿ. ಊಟಕ್ಕೆ ಬೇಕಾದ ಹಸಿವು ಸಾಯುತ್ತದೆ ಎಂದು ಕಾಯುತ್ತಾ ಕೂತರೆ 6 ಗಂಟೆಗೆ ಮಗು ನೆಲಕ್ಕೆ ಬಿದ್ದು ಹೊರಳುತ್ತದೆ. ಆಗ ಕೈಗೆ ಬಿಸ್ಕತ್ತಿನ ಪೊಟ್ಟಣ ಬರುತ್ತದೆ, ಊಟ ಆಗಲೂ ಕೆಡುತ್ತದೆ.

ಏಲಕ್ಕಿ ಬಾಳೆಹಣ್ಣು, ಬೇಯಿಸಿದ ಗೆಣಸು, ಮೊಸರವಲಕ್ಕಿ, ಬೇಯಿಸಿದ ಆಲೂಗಡ್ಡೆಗೆ ಚಿಟಿಕೆ ಉಪ್ಪು, ರಾಗಿ ಹುರಿಹಿಟ್ಟಿಗೆ ಬೆಲ್ಲ ಹಾಲು ಕಲಸಿದ ಉಂಡೆ. ಇವುಗಳಲ್ಲಿ ಯಾವುದಾದರೂ ಒಂದು, ಮಗುವಿನ ಮುಷ್ಟಿಯಷ್ಟು. ಬಡಿಸಿ ಹೋಗಿಬಿಡಬೇಡಿ. ತಿನ್ನುವ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಶಾಲೆಯಲ್ಲಿ ಏನು ಕಲಿಸಿದರು ಎಂದು ಪಾಠ ಒಪ್ಪಿಸಿಕೊಳ್ಳಬೇಕಿಲ್ಲ, ಅದು ಹೇಳಿದ್ದನ್ನು ಕೇಳಿದರೆ ಸಾಕು. ಈ ಹತ್ತು ನಿಮಿಷ ಕೊಟ್ಟವರಿಗೆ ಮುಂದೆ ನಲವತ್ತು ನಿಮಿಷ ಸಿಗುತ್ತದೆ. ಕೊಡದೆ ಉಳಿಸಿಕೊಂಡವರು ಅದನ್ನು ಎರಡೆರಡು ನಿಮಿಷವಾಗಿ ಸಂಜೆಯೆಲ್ಲ ತೆರುತ್ತಾರೆ.

ಎಚ್ಚರಿಕೆ: ನಮ್ಮ ಕಾಫಿ ಸೀಮೆಯಲ್ಲಿ ಮಗುವಿನ ಹಾಲಿಗೂ ಎರಡು ಚಮಚ ಡಿಕಾಕ್ಷನ್ ಬಿಡುವ ಅಭ್ಯಾಸವಿದೆ. ಅಜ್ಜನ ಲೋಟದಿಂದ ಒಂದು ಗುಟುಕು ಎಂದು ಶುರುವಾಗುತ್ತದೆ. ಸಂಜೆ ಹೊಟ್ಟೆಗೆ ಹೋದ ಕೆಫೀನ್ ರಾತ್ರಿಯ ನಿದ್ದೆಯನ್ನು ದೂಡುತ್ತದೆ, ಕಾಫಿ ಟೀ ಎರಡೂ ಊಟದಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಅಜ್ಜನಿಗೆ ಬೇಸರವಾದರೆ ಆಗಲಿ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಕೊಡಬೇಡಿ. ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳಿ, ಕಡಲೆಕಾಯಿ ಬೀಜವನ್ನು ಪುಡಿ ಮಾಡಿ. ತಿನ್ನುತ್ತಾ ಓಡುವುದು, ಮಲಗಿ ತಿನ್ನುವುದು ಎರಡೂ ಬೇಡ.

ಹಂತ 3: ಬೆಳಕಿರುವಾಗ ಹೊರಗೆ

ತಿಂದ ಮೇಲೆ ಕಡಿಮೆಯೆಂದರೆ ಅರ್ಧ ಗಂಟೆ ಹೊರಗೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ 6ರ ಸುಮಾರಿಗೆ ಮುಳುಗುತ್ತಾನೆ, ಜೂನ್ ಕೊನೆಗೆ 7ರ ಹತ್ತಿರ ಹೋಗುತ್ತದೆ. ಅದಕ್ಕೆ ತಕ್ಕಂತೆ ಹೊರಡಿ. ಓಡಬೇಕು, ಹತ್ತಬೇಕು, ಬೆವರಬೇಕು. ಗಾಡಿಯಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿಕೊಂಡು ಬಂದರೆ ಲೆಕ್ಕಕ್ಕಿಲ್ಲ.

ಹಾಸನದಲ್ಲಿ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನಲ್ಲಿ ರತ್ನಗಿರಿ ಬೋರೆ ಇದೆ. ದಿನವೂ ಅಲ್ಲಿಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ. ಮನೆ ಮುಂದಿನ ಅಂಗಳ, ತಾರಸಿ, ಬೀದಿಯ ಕೊನೆಯ ಖಾಲಿ ಸೈಟು ಸಾಕು. ಬಳಪದಲ್ಲಿ ಕುಂಟೆಬಿಲ್ಲೆಯ ಮನೆ ಬರೆದುಕೊಡಿ. ಎರಡು ವರ್ಷದವರು ಕುಂಟಲಾರರು, ಮನೆಯಿಂದ ಮನೆಗೆ ಎರಡೂ ಕಾಲಲ್ಲಿ ಕುಪ್ಪಳಿಸಲಿ. ಏಳು ಚಪ್ಪಟೆ ಕಲ್ಲು ಪೇರಿಸಿ ಬಟ್ಟೆಯ ಚೆಂಡಿನಿಂದ ಬೀಳಿಸುವುದಕ್ಕೆ ಲಗೋರಿಯ ನಿಯಮ ಯಾವುದೂ ಬೇಕಿಲ್ಲ, ಬೀಳಿಸುವುದೇ ಆಟ. ಮಗುವಿನ ಕೈಗೆ ಪುಟ್ಟ ಚೊಂಬು ಕೊಟ್ಟು ಗಿಡಗಳಿಗೆ ನೀರು ಹಾಕಿಸಿ. ಒಂದೇ ದಾಸವಾಳದ ಬುಡಕ್ಕೆ ಹತ್ತು ಚೊಂಬು ಸುರಿಯುತ್ತದೆ, ದಾಸವಾಳ ತಡೆದುಕೊಳ್ಳುತ್ತದೆ.

ಈ ಹಂತ ಅಡುಗೆ ಮಾಡದವರ ಪಾಲಿಗೆ ಸೇರಿದ್ದು. ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ತಾತನೋ ಇದ್ದರೆ ಮಗುವನ್ನು ಅವರ ಕೈಗೆ ಕೊಟ್ಟು ಬಾಗಿಲವರೆಗೆ ಕಳಿಸಿಕೊಡಿ. ಟಿವಿಯ ವಾರ್ತೆ ಮತ್ತೆ 9ಕ್ಕೂ ಬರುತ್ತದೆ.

ಪೇಟೆಯವರಿಗೂ ತೋಟದವರಿಗೂ ಬೇರೆ ಬೇರೆ ಎಚ್ಚರಿಕೆಗಳಿವೆ.

ಪೇಟೆಯಲ್ಲಿ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುಂಚಿನ ಈ ಹೊತ್ತು. ಮಳೆಗಾಲದಲ್ಲಿ ತುಂಬುದೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುವುದನ್ನೇ ಮಗುವಿನ ವಾರದ ಕೆಲಸ ಮಾಡಿ, ಬಹಳ ಇಷ್ಟಪಟ್ಟು ಮಾಡುತ್ತದೆ.

ತೋಟದಲ್ಲಿ: ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಆನೆಯ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಹತ್ತಿರದಲ್ಲಿ ಇವೆ ಎಂದು ಸುದ್ದಿ ಬಂದ ದಿನ ಹೊರಗಿನ ಆಟವೇ ಬೇಡ, ಉಳಿದ ದಿನ ಮುಸ್ಸಂಜೆಗೆ ಮುಂಚೆ ಒಳಗೆ. ಮಳೆಗಾಲದಲ್ಲಿ ಇಂಬಳ ಹತ್ತಿದರೆ ಕಿತ್ತೆಳೆಯಬೇಡಿ, ಉಪ್ಪು ಸವರಿದರೆ ಬಿಡುತ್ತದೆ. ಕೊಯ್ಲಿನ ಕಾಲದಲ್ಲಿ ಕಾಫಿ ಒಣಹಾಕಿದ ಕಣ ಮಕ್ಕಳಿಗೆ ಓಡಲು ಒಳ್ಳೆಯ ಜಾಗವಾಗಿ ಕಾಣುತ್ತದೆ. ಅಲ್ಲಿ ಜೀಪು, ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿರುತ್ತವೆ, ಚಾಲಕನಿಗೆ ಮೂರಡಿಯ ಮಗು ಕಾಣುವುದಿಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಅದು ಉಣ್ಣಿ ಕಚ್ಚಿ ಬರುವ ರೋಗ. ಆ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆಯಲ್ಲಿ ಆಡಿಸಬೇಡಿ, ಬಂದ ಮೇಲೆ ಮೈ ಕೈ ಕಂಕುಳು ನೋಡಿ.

ಹಂತ 4: ಕೈಕಾಲು ತೊಳೆಯುವುದನ್ನೇ ಉದ್ದ ಮಾಡಿ

ಹೊರಗಿನಿಂದ ಬಂದವರನ್ನು ಸೀದಾ ಬಚ್ಚಲಿಗೆ ಕರೆದೊಯ್ಯಿರಿ. ಅಗಲವಾದ ಪಾತ್ರೆಯಲ್ಲಿ ನಾಲ್ಕು ಬೆರಳು ಉಗುರುಬೆಚ್ಚಗಿನ ನೀರು, ಎರಡು ಲೋಟ, ಒಂದು ಚಹಾ ಸೋಸುವ ಜರಡಿ. ಕಾಲು ಗಂಟೆ ಆರಾಮವಾಗಿ ಕಳೆಯುತ್ತದೆ. ನೀವು ಪಕ್ಕದಲ್ಲಿರಬೇಕು, ಅಡುಗೆಮನೆಯಿಂದ ಇಣುಕಿದರೆ ಆಗುವುದಿಲ್ಲ. ಮಗು ತಲೆಕೆಳಗಾಗಿ ಬಿದ್ದರೆ ಅರ್ಧ ಬಕೆಟ್ ನೀರೂ ಸಾಕು, ಕೂಗುವುದೂ ಕೇಳಿಸುವುದಿಲ್ಲ. ಮುಗಿದ ಮೇಲೆ ಪಾತ್ರೆ ಬಕೆಟ್ ಎಲ್ಲ ಬರಿದು ಮಾಡಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಉರಿಯುವ ಹೊತ್ತೂ ಇದೇ. ಹಂಡೆಯ ನೀರು ಕುದಿಯುತ್ತಿದ್ದರೆ ಈ ಆಟವನ್ನು ಅಂಗಳದ ನಲ್ಲಿಯ ಹತ್ತಿರ ಇಟ್ಟುಕೊಳ್ಳಿ.

ಹಂತ 5: ಅಡುಗೆಯ ಒಂದು ತುದಿ ಮಗುವಿನ ಕೈಗೆ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಹುತೇಕ ಮನೆಗಳಲ್ಲಿ ತಪ್ಪುವುದೂ ಇಲ್ಲೇ. ಮಗುವನ್ನು ಅಡುಗೆಮನೆಯಿಂದ ಓಡಿಸುವುದಕ್ಕೆ ಪಡುವ ಪಾಡನ್ನು ಅದನ್ನು ಒಳಗೆ ಕೂರಿಸಿಕೊಳ್ಳುವುದಕ್ಕೆ ಪಟ್ಟರೆ ಅಡುಗೆ ಬೇಗ ಮುಗಿಯುತ್ತದೆ.

ಚಾಪೆ ಹಾಸಿ. ಒಲೆಯಿಂದ ಒಂದು ಮಾರು ದೂರವಾದರೂ ಇರಲಿ, ಆದರೆ ನಿಮ್ಮ ಮುಖ ಕಾಣುವ ಹಾಗೆ. ಬಾಗಿಲ ಹೊಸ್ತಿಲ ಹತ್ತಿರದ ಜಾಗ ಸಾಮಾನ್ಯವಾಗಿ ಸರಿಹೋಗುತ್ತದೆ. ಚಾಪೆಯ ಮೇಲೆ ಕೂತರೆ ಮಾತ್ರ ಕೆಲಸ ಸಿಗುತ್ತದೆ ಎಂಬುದು ಒಂದೇ ನಿಯಮ. ಎದ್ದು ಒಲೆಯ ಕಡೆ ಬಂದರೆ ಮಾತಿಲ್ಲದೆ ಎತ್ತಿ ಮತ್ತೆ ಚಾಪೆಯ ಮೇಲೆ ಕೂರಿಸಿ. ನಾಲ್ಕೈದು ದಿನ ಹೀಗೆ ಮಾಡಿದರೆ ಅಭ್ಯಾಸವಾಗುತ್ತದೆ.

ಎರಡು ವರ್ಷದವರಿಗೆ: ಆಲೂಗಡ್ಡೆಯನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕುವುದು. ಹಾಸನದವರ ಮನೆಯಲ್ಲಿ ಆಲೂಗಡ್ಡೆಗೆ ಬರವಿಲ್ಲ. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಎಂದು ಮೂರು ವರ್ಷದವರು ಬೇರ್ಪಡಿಸುತ್ತಾರೆ. ಕರಿಬೇವನ್ನು ಕಡ್ಡಿಯಿಂದ ಬಿಡಿಸುವುದು, ಕೊತ್ತಂಬರಿ ಸೊಪ್ಪು ಹರಿದು ಬಟ್ಟಲಿಗೆ ಹಾಕುವುದು ಕೂಡ ಇವರ ಕೈಗೆ ಒಗ್ಗುತ್ತದೆ.

ಮೂರರಿಂದ ನಾಲ್ಕು: ಸೊಪ್ಪು ಸೋಸುವುದು. ನುಗ್ಗೆಸೊಪ್ಪು ಇದಕ್ಕೆ ಹೇಳಿ ಮಾಡಿಸಿದ್ದು. ಕಡ್ಡಿಯ ತುದಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಎರಡು ಬೆರಳನ್ನು ಕೆಳಗಿನವರೆಗೆ ಜಾರಿಸಿದರೆ ಎಲೆಗಳೆಲ್ಲ ಒಮ್ಮೆಗೇ ಉದುರುತ್ತವೆ. ಒಂದು ಸಲ ತೋರಿಸಿದರೆ ಕಟ್ಟು ಮುಗಿಯುವವರೆಗೆ ಬಿಡುವುದಿಲ್ಲ. ನಡುನಡುವೆ ಕಡ್ಡಿ ಉಳಿಯುತ್ತದೆ, ಆಮೇಲೆ ನೀವು ಆರಿಸಿಕೊಳ್ಳಿ, ಮಗುವಿನ ಎದುರಿಗೆ ಮಾತ್ರ ಬೇಡ. ಮಗು ಮಾಡಿದ ಕೆಲಸವನ್ನು ಅದರ ಕಣ್ಣೆದುರೇ ಮತ್ತೆ ಮಾಡಿದರೆ ನಾಳೆ ಅದು ಚಾಪೆಗೆ ಬರುವುದಿಲ್ಲ.

ನಾಲ್ಕು ದಾಟಿದವರಿಗೆ: ಅವರೆಯ ಕಾಲ, ಅಂದರೆ ಚಳಿಗಾಲ, ಬಂದರೆ ನಿಮ್ಮ ಸಂಜೆಗಳ ಚಿಂತೆ ಮುಗಿಯಿತು. ಮೊದಲ ದಿನ ಕಾಯಿ ಸುಲಿಸಿ. ಒಳಗೆ ಹಸಿರು ಹುಳ ಸಿಕ್ಕರೆ ಅದೇ ಅರ್ಧ ಗಂಟೆಯ ಮನರಂಜನೆ, ಅಸಹ್ಯಪಟ್ಟು ಕಿರುಚಬೇಡಿ. ಕಾಳನ್ನು ರಾತ್ರಿ ನೆನೆಹಾಕಿ ಮರುದಿನ ಸಂಜೆಯವರೆಗೆ ಬಿಟ್ಟರೆ ಹುಳಿ ಹಿಡಿಯುತ್ತದೆ, ಆದ್ದರಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ನೆನೆಹಾಕಿ. ಸಂಜೆಗೆ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕಿದರೆ ಬೇಳೆ ಚಿಮ್ಮಿ ಎಲ್ಲಿಗೋ ಹಾರುತ್ತದೆ. ಮೊದಲ ಹತ್ತು ಬೇಳೆ ಗೋಡೆಗೆ, ಮುಂದಿನ ಹತ್ತು ನಿಮ್ಮ ಬೆನ್ನಿಗೆ, ಆಮೇಲೆ ಎಡಗೈಯನ್ನು ಬಟ್ಟಲಿನಂತೆ ಅಡ್ಡ ಹಿಡಿಯುವುದನ್ನು ಮಗುವೇ ಕಂಡುಕೊಳ್ಳುತ್ತದೆ. ನೀವು ಹೇಳಿಕೊಡಬೇಡಿ, ಕಂಡುಕೊಳ್ಳುವುದರಲ್ಲೇ ಮಜಾ ಇರುವುದು. ಸಿಪ್ಪೆಗೆ ಒಂದು ಬಟ್ಟಲು, ಬೇಳೆಗೆ ಒಂದು ಬಟ್ಟಲು ಇಡಿ. ಹಿತಕಿದಬೇಳೆ ಸಾರು ಇಡೀ ಮನೆಗೆ ಆಗುವಷ್ಟು ಬೇಳೆ ಮಗುವಿನಿಂದ ಆಗುವುದಿಲ್ಲ, ಆದರೆ ಊಟಕ್ಕೆ ಕೂತಾಗ ‘ಇದು ನಾನು ಹಿತಕಿದ್ದು’ ಎಂದು ಪ್ರತಿ ತುತ್ತಿಗೂ ಹೇಳುತ್ತದೆ, ಮತ್ತು ತಿನ್ನುತ್ತದೆ. ಹಸಿ ಕಾಳನ್ನು ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಟ್ಟಿರಿ. ಅವರೆ ಬೇಯಿಸಿಯೇ ತಿನ್ನಬೇಕಾದ ಕಾಳು.

ಅವರೆ ಇಲ್ಲದ ದಿನ ಚಪಾತಿ ಹಿಟ್ಟಿನ ನಿಂಬೆಹಣ್ಣಿನಷ್ಟು ಉಂಡೆ ಕೊಡಿ. ಕಡುಬು ಮಾಡುವ ದಿನ ಬೇಯಿಸಿದ ಹಿಟ್ಟು ಚೆನ್ನಾಗಿ ಆರಿದ ಮೇಲೆ ಅವರ ಪಾಲಿಗೆ ಎರಡು ಉಂಡೆ. ಅದು ಕಡುಬಾಗದೆ ಹಾವೋ ಬಸವನ ಹುಳುವೋ ಆಗುತ್ತದೆ, ಹಾಗೆಯೇ ಬೇಯಿಸಿ ತಟ್ಟೆಗೆ ಹಾಕಿ. ಮಜ್ಜಿಗೆ ಕಡೆಯುವುದಕ್ಕೆ ಪುಟ್ಟ ಕಡಗೋಲು ಇದ್ದರೆ ಐದು ವರ್ಷದವರು ಚೆನ್ನಾಗಿ ಕಡೆಯುತ್ತಾರೆ, ಎತ್ತರದ ಪಾತ್ರೆಯಲ್ಲಿ ಕಾಲು ಭಾಗ ಮಾತ್ರ ಮೊಸರು ಹಾಕಿ.

ಮೈದಾ, ಉಪ್ಪು, ನೀರು ಕಲಸಿ ಆಟದ ಹಿಟ್ಟು ಮಾಡುವ ವಿಧಾನವನ್ನು ಅನೇಕರು ಕೇಳುತ್ತಾರೆ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಇದು ಬೇಡ. ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ. ಅವರಿಗೆ ಚಪಾತಿ ಹಿಟ್ಟೇ ಸರಿ.

ಅಡುಗೆಮನೆಯ ಎಚ್ಚರಿಕೆಗಳು. ಪಾತ್ರೆಯ ಹಿಡಿ ಒಳಮುಖವಾಗಿರಲಿ. ಕಂಕುಳಲ್ಲಿ ಮಗು ಇಟ್ಟುಕೊಂಡು ಒಗ್ಗರಣೆ ಹಾಕಬೇಡಿ. ಬಿಸಿ ಸಾರಿನ ಪಾತ್ರೆಯನ್ನು ನೆಲದ ಮೇಲೆ ಇಳಿಸುವ ಅಭ್ಯಾಸ ನಮ್ಮ ಕಡೆ ಬಹಳ, ಮಗು ಹಿಂದೆ ಹಿಂದೆ ನಡೆದು ಅದರೊಳಗೇ ಕೂರುತ್ತದೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಮಗುವನ್ನು ಮುಟ್ಟಬೇಡಿ. ಎಲ್ಲ ಜಾಗ್ರತೆಯ ನಡುವೆಯೂ ಸುಟ್ಟರೆ, ಸುಟ್ಟ ಜಾಗವನ್ನು ತಣ್ಣನೆಯ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ. ಗುಳ್ಳೆ ಬಂದಿದ್ದರೆ, ಮುಖ ಕೈ ಸುಟ್ಟಿದ್ದರೆ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಹಂತ 6: ಒಬ್ಬರೇ ಆಡಿಕೊಳ್ಳುವ ಅರ್ಧ ಗಂಟೆ

ಕುಕ್ಕರ್ ಕೂಗುವ, ಒಗ್ಗರಣೆ ಸಿಡಿಯುವ ಹೊತ್ತು ಬಂದಾಗ ಮಗು ಅಡುಗೆಮನೆಯಿಂದ ಹೊರಗಿರುವುದೇ ಒಳ್ಳೆಯದು. ಮುಚ್ಚಳದ ರಟ್ಟಿನ ಪೆಟ್ಟಿಗೆ ಈಗ ಬರಲಿ. ಈ ಪೆಟ್ಟಿಗೆ ಹಗಲೆಲ್ಲ ಅಟ್ಟದ ಮೇಲಿರಬೇಕು, ಸಂಜೆ ಮಾತ್ರ ಇಳಿಯಬೇಕು. ಸದಾ ಕೈಗೆ ಸಿಗುವ ಸಾಮಾನಿಗೆ ಬೆಲೆಯಿಲ್ಲ. ಒಳಗೆ ಎರಡೋ ಮೂರೋ ವಸ್ತು ಸಾಕು, ವಾರಕ್ಕೊಮ್ಮೆ ಬದಲಾಯಿಸಿ.

ಇಡ್ಲಿ ತಟ್ಟೆ ಮತ್ತು ಹುಣಿಸೆ ಬೀಜ ಇಡಿ. ಒಂದೊಂದು ಗುಳಿಗೆ ನಾಲ್ಕು ನಾಲ್ಕು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಎರಡು ಸಾಲಿನಲ್ಲಿ ಏಳೇಳು ಗುಳಿ ಇರುವ ನಿಜವಾದ ಅಳಗುಳಿಮಣೆ ಅಟ್ಟದಲ್ಲಿದ್ದರೆ ಇಳಿಸಿ ಒರೆಸಿ. ಐದು ವರ್ಷದವರು ಅಜ್ಜಿಯ ಜೊತೆ ಆಟವನ್ನೇ ಕಲಿಯುತ್ತಾರೆ. ಆರು ಹತ್ತಿರವಾದವರಿಗೆ ಚೌಕಾಬಾರ. ನೆಲದ ಮೇಲೆ ಐದು ಐದರ 25 ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ 8. ಎಣಿಕೆಗೆ ಇದಕ್ಕಿಂತ ಒಳ್ಳೆಯ ಮನೆಪಾಠ ನನಗೆ ಗೊತ್ತಿಲ್ಲ.

ಈ ಎಚ್ಚರಿಕೆಯನ್ನು ದಯವಿಟ್ಟು ಎರಡು ಸಲ ಓದಿ. ಮೂರು ವರ್ಷದ ಒಳಗಿನ ಮಗು ಇರುವ ಮನೆಯಲ್ಲಿ ಬೀಜ, ಕವಡೆ, ಗುಂಡಿ ಯಾವುದೂ ನೆಲಕ್ಕೆ ಬರಬಾರದು. ಅಳಗುಳಿಮಣೆಯ ಡಬ್ಬಿಯಲ್ಲಿ ಹಿಂದಿನವರು ಗುಲಗಂಜಿ ಇಟ್ಟಿರುತ್ತಾರೆ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಮುದ್ದಾಗಿರುವ ಆ ಬೀಜ ಅಗಿದರೆ ಭಯಂಕರ ವಿಷ. ಅದನ್ನು ತೆಗೆದು ಎಸೆಯಿರಿ. ಹರಳು ಬೀಜವೂ ಹಾಗೆಯೇ. ಬೆಳಕು ಬರುವ, ಹಾಡುವ ಆಟಿಕೆಗಳಲ್ಲಿರುವ ಬಟನ್ ಸೆಲ್, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ, ನುಂಗಿದರೆ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಮಲದಲ್ಲಿ ಬರಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ.

ಬರೆಯುವುದಕ್ಕೆ ಸ್ಲೇಟು ಕೊಡುವಾಗ ‘ಏನಾದರೂ ಬರಿ’ ಎಂದರೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ಒಂದು ಕೆಲಸ ಹೇಳಿ. ಹಳೇಬೀಡಿನ ಗುಡಿಯ ತಳದಲ್ಲಿ ಸಾಲು ಆನೆಗಳನ್ನು ಕೆತ್ತಿರುವುದನ್ನು ನಮ್ಮ ಮಕ್ಕಳು ಹೇಗೂ ನೋಡಿರುತ್ತಾರೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಉದ್ದುದ್ದ ಕತ್ತರಿಸಿ ಅಂಟಿಸಿ, ದಿನಕ್ಕೆ ಎರಡು ಆನೆ ಬರೆಯಲಿ. ಹಂದಿಯ ಹಾಗೆ ಕಂಡರೂ ಗೋಡೆಯ ತಳಕ್ಕೆ ಅಂಟಿಸುತ್ತಾ ಹೋಗಿ. ಬಾಗಿಲವರೆಗೆ ಸಾಲು ಮುಟ್ಟಿಸಬೇಕು ಎಂಬ ಗುರಿ ತಿಂಗಳುಗಟ್ಟಲೆ ನಡೆಯುತ್ತದೆ.

ಐದು ದಾಟಿದವರಿಗೆ ಒಂದು ಪುಟ್ಟ ಗಾರುಡಿ. ಬಿಳಿಯ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿಟ್ಟುಕೊಳ್ಳಿ. ಬಟ್ಟೆ ಸೋಪಿನ ನೀರಿನಲ್ಲಿ ಬೆರಳದ್ದಿ ಅದರ ಮೇಲೆ ಬರೆದರೆ ಅಕ್ಷರ ಕೆಂಪಗಾಗುತ್ತದೆ, ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗುವುದೂ ಇದರಿಂದಲೇ. ಅರಿಶಿನಕ್ಕೆ ಕ್ಷಾರ ತಗುಲಿದರೆ ಬಣ್ಣ ತಿರುಗುತ್ತದೆ. ಮಕ್ಕಳ ಕೈಗೆ ಸುಣ್ಣ ಮಾತ್ರ ಕೊಡಬೇಡಿ, ಕಣ್ಣಿಗೆ ಹೋದರೆ ಕಣ್ಣೇ ಹೋಗಬಹುದು.

ಒಬ್ಬರೇ ಆಡುವುದು ಒಂದೇ ದಿನಕ್ಕೆ ಬರುವುದಿಲ್ಲ. ಮೊದಲ ವಾರ ಐದು ನಿಮಿಷ ಆಡಿದರೂ ಲಾಭವೇ. ಆಡುತ್ತಿರುವ ಮಗುವನ್ನು ‘ಎಷ್ಟು ಚೆನ್ನಾಗಿ ಆಡುತ್ತಿದ್ದೀಯ’ ಎಂದು ಮಾತಾಡಿಸಿ ಎಬ್ಬಿಸಬೇಡಿ. ನೆಂಟರಿಗೂ ಈ ಮಾತು ಹೇಳಿ.

ಮಳೆಗಾಲ ಮತ್ತು ಕರೆಂಟಿಲ್ಲದ ಸಂಜೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದವರಿಗೆ ಮೂರನೇ ಹಂತವೇ ಇರುವುದಿಲ್ಲ. ಆ ಓಟವನ್ನು ಮನೆಯೊಳಗೇ ಓಡಿಸಬೇಕು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಜಗಲಿಯಲ್ಲಿ ದಿಂಬುಗಳನ್ನು ಸಾಲಾಗಿಟ್ಟು ಒಂದರಿಂದ ಒಂದಕ್ಕೆ ಜಿಗಿಸಿ. ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸಲಿ. ಹಳೆಯ ಸೀರೆಯನ್ನು ಎರಡು ಕುರ್ಚಿಗೆ ಕಟ್ಟಿ ಗುಡಿಸಲು ಮಾಡಿಕೊಟ್ಟರೆ ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ. ಗಂಟು ನೀವೇ ಹಾಕಿ, ಸೀರೆಯನ್ನು ಕತ್ತಿಗೆ ಸುತ್ತಿಕೊಳ್ಳುವ ಆಟಕ್ಕೆ ಬಿಡಬೇಡಿ.

ಕರೆಂಟು ಹೋದರೆ ಟಾರ್ಚು ತೆಗೆಯಿರಿ, ಗೋಡೆಯ ಮೇಲೆ ಕೈಬೆರಳಿನಿಂದ ನಾಯಿ, ಹಕ್ಕಿ, ಮೊಲ. ಮೇಣದಬತ್ತಿ ಈ ಆಟಕ್ಕೆ ಸಲ್ಲದು.

ಮೊಬೈಲ್ ಕೊಡಬಹುದೇ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಸ್ಕ್ರೀನ್ ಟೈಮ್, ಅಂದರೆ ಮೊಬೈಲ್ ಟಿವಿ ಸೇರಿ ಪರದೆ ನೋಡುವ ಒಟ್ಟು ಹೊತ್ತು, ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಒಬ್ಬರೇ ದುಡಿದು, ಒಬ್ಬರೇ ಅಡುಗೆ ಮಾಡಿ, ಒಬ್ಬರೇ ಮಗು ನೋಡಿಕೊಳ್ಳುವವರಿಗೆ ನಾನು ಮೊಬೈಲನ್ನು ಮುಟ್ಟಲೇಬೇಡಿ ಎಂದು ಹೇಳಲಾರೆ. ಕೊಡುವುದಾದರೆ ಅಳುವಾಗ ಕೊಡಬೇಡಿ. ಅತ್ತರೆ ಸಿಗುತ್ತದೆ ಎಂಬುದನ್ನು ಮಗು ಒಂದೇ ಸಂಜೆಯಲ್ಲಿ ಕಲಿಯುತ್ತದೆ, ಮರೆಸಲು ಒಂದು ತಿಂಗಳು ಬೇಕು. ಎಣ್ಣೆ ಕಾಯುವ ಇಪ್ಪತ್ತು ನಿಮಿಷಕ್ಕೆ, ನೀವೇ ಆರಿಸಿದ ಒಂದು ಕಥೆ, ಒಂದೇ ಜಾಗದಲ್ಲಿ ಕೂತು. ‘ಹತ್ತು ನಿಮಿಷ’ ಎಂದರೆ ಮಗುವಿಗೆ ಅರ್ಥವಾಗುವುದಿಲ್ಲ, ‘ಈ ಕಥೆ ಮುಗಿಯುವವರೆಗೆ’ ಎಂದರೆ ಆಗುತ್ತದೆ. ಒಂದರ ಹಿಂದೆ ಒಂದು ತಾನಾಗಿ ಶುರುವಾಗುವ ಆಟೋಪ್ಲೇ ವ್ಯವಸ್ಥೆಯನ್ನು ಮೊದಲೇ ನಿಲ್ಲಿಸಿಡಿ. ಊಟದ ತಟ್ಟೆಯ ಮುಂದೆ ಮಾತ್ರ ಖಂಡಿತ ಬೇಡ.

ಹಂತ 7: ಊಟಕ್ಕೆ ಕಾಲು ಗಂಟೆ ಮುಂಚೆ

ಆಟ ಜೋರಾಗಿದ್ದಾಗ ಊಟಕ್ಕೆ ಕರೆದರೆ ಯಾರೂ ಬರುವುದಿಲ್ಲ, ದೊಡ್ಡವರೂ ಅಷ್ಟೇ. ದೇವರ ದೀಪ ಹಚ್ಚುವ ಮನೆಗಳಲ್ಲಿ ಅದೇ ಗುರುತು: ದೀಪ ಹಚ್ಚಿದರೆ ಪೆಟ್ಟಿಗೆ ಮುಚ್ಚಬೇಕು. ಹಚ್ಚದ ಮನೆಯವರು ಬೇರೆ ಗುರುತು ಇಟ್ಟುಕೊಳ್ಳಿ, ಕುಕ್ಕರಿನ ಕೊನೆಯ ಕೂಗೂ ಆಗಬಹುದು. ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿಸಿ, ಕಡಿಮೆ ಬಿದ್ದರೆ ಹುಡುಕಿಯೇ ಏಳಿ. ಆಮೇಲೆ ತಟ್ಟೆ ಹಾಕುವ ಕೆಲಸ ಮಗುವಿನದು. ಸ್ಟೀಲ್ ತಟ್ಟೆ ಒಂದೊಂದಾಗಿ ತಂದಿಡಲಿ, ಯಾರ ತಟ್ಟೆ ಎಲ್ಲಿ ಎಂದು ಅದೇ ತೀರ್ಮಾನಿಸಲಿ.

ಇಬ್ಬರು ಮಕ್ಕಳಿದ್ದರೆ ಒಂದೇ ಕೆಲಸವನ್ನು ಇಬ್ಬರಿಗೂ ಕೊಡಬೇಡಿ. ಒಬ್ಬರು ತಟ್ಟೆ, ಒಬ್ಬರು ಲೋಟ. ಒಬ್ಬರು ಹಿತಕಿದರೆ ಇನ್ನೊಬ್ಬರು ಸಿಪ್ಪೆಯನ್ನು ಹಸುವಿನ ಬಕೆಟ್ಟಿಗೆ ಹಾಕಲಿ. ದೊಡ್ಡದಕ್ಕೆ ‘ನೀನು ದೊಡ್ಡವಳಲ್ಲವೇ, ಬಿಟ್ಟುಕೊಡು’ ಎಂದು ಹೇಳುತ್ತಿದ್ದರೆ ಜಗಳ ನಿಲ್ಲುವುದಿಲ್ಲ, ಹಿತ್ತಿಲಿಗೆ ಹೋಗುತ್ತದೆ ಅಷ್ಟೇ.

ಯಾವುದೂ ನಡೆಯದ ಸಂಜೆ

ಅಂಥ ದಿನ ಬರುತ್ತದೆ. ಬಸ್ಸು ತಡವಾಗಿರುತ್ತದೆ, ಗ್ಯಾಸು ಮುಗಿದಿರುತ್ತದೆ. ಆ ದಿನ ಏಳೂ ಹಂತಗಳನ್ನು ಬಿಟ್ಟುಬಿಡಿ. 6.30ಕ್ಕೇ ಮೊಸರನ್ನವೋ ಉಪ್ಪಿಟ್ಟೋ ತಿನ್ನಿಸಿ, ಬೆಚ್ಚಗಿನ ನೀರು ಹಾಕಿ, ಮಲಗಿಸಿ. ದೊಡ್ಡವರ ಅಡುಗೆ ಆಮೇಲೆ.

ದಿನವೂ ಅದೇ ಹೊತ್ತಿಗೆ ಎರಡು ವಾರಕ್ಕಿಂತ ಹೆಚ್ಚು ಕಾಲ ಸಮಾಧಾನವಾಗದ ಅಳು ಇದ್ದರೆ, ಮಗು ಆಟದಲ್ಲೇ ಆಸಕ್ತಿ ಕಳೆದುಕೊಂಡಿದ್ದರೆ, ತೂಕ ಇಳಿದಿದ್ದರೆ, ಕಿವಿ ಹಿಡಿದುಕೊಂಡು ಅಳುತ್ತಿದ್ದರೆ, ಮೂರು ನಾಲ್ಕು ದಿನಕ್ಕೊಮ್ಮೆ ಕಷ್ಟಪಟ್ಟು ಮಲವಿಸರ್ಜನೆ ಮಾಡುತ್ತಿದ್ದರೆ ಅದು ಸಂಜೆಯ ಹಟವಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಹೋಗುವಾಗ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ ಅಳು ಶುರುವಾಗುತ್ತದೆ ಎಂದು ಒಂದು ವಾರದ್ದು ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಿರುತ್ತದೆ.